ಕ್ಲಚ್ಚಿಲ್ಲದ ಕಂಪನಿ ಕಾರು

ನನ್ನ ಎಡಗಾಲಿಗೆ ಒಂದು ಚಾಳಿ ಇದೆ. ಕ್ಷೌರದಂಗಡಿಯ ಕುರ್ಚಿಯಲ್ಲಿರಲಿ, ಮದುವೆಮನೆಯ ಪಂಕ್ತಿಯಲ್ಲಿರಲಿ, ಎದುರಿನವರ ಮಾತು ಏರು ಹತ್ತುತ್ತಿದೆ ಅನ್ನಿಸಿದ ಕೂಡಲೇ ಅದು ನನ್ನನ್ನು ಕೇಳದೆ ನೆಲವನ್ನು ಒತ್ತಿಬಿಡುತ್ತದೆ. ಕ್ಲಚ್ ಹುಡುಕುತ್ತದೆ, ಪಾಪ. ನಾದಿನಿಯ ಮಗಳಿಗೆ ಗಂಡು ನೋಡಲು ಹೋದಾಗ ಗಂಡಿನ ಸೋದರಮಾವ ತಮ್ಮ ತೋಟದ ವಿಸ್ತೀರ್ಣವನ್ನು ಒಂದೇ ಉಸಿರಿನಲ್ಲಿ ಏರಿಸತೊಡಗಿದರು. ನನ್ನ ಕಾಲು ಟೀಪಾಯಿಯ ಕೆಳಗೆ ಅವರ ಹೆಬ್ಬೆರಳನ್ನು ಹುಡುಕಿ ಒತ್ತಿತು. ಅವರು ನನ್ನ ಮುಖ ನೋಡಿ, ಇವನಿಗೆಲ್ಲೋ ಪಹಣಿಯೇ ಸಿಕ್ಕಿದೆ ಅಂದುಕೊಂಡು ತೋಟವನ್ನು ಅಲ್ಲೇ ಅರ್ಧ ಮಾಡಿದರು. ಸಂಬಂಧ ಕುದುರಿತು. ಹುಡುಗಿ ಚೆನ್ನಾಗಿದ್ದಾಳೆ.

ಇಷ್ಟು ನಿಯತ್ತಿನ ಕಾಲನ್ನು ಹಿಂದೊಮ್ಮೆ ನಾನೇ ಕೆಲಸದಿಂದ ತೆಗೆದುಹಾಕಿದ್ದೆ. ಆಗ ಹತ್ತಿದ ಚಾಳಿ ಇದು. ಬಿಡುವಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ನಾನು ಓದಿದ್ದು ಏಳನೇ ಕ್ಲಾಸು. ಆಮೇಲೆ ಅರಸೀಕೆರೆಯ ಬಾಷಾ ಸಾಬರ ಟೆಂಪೋದಲ್ಲಿ ಕ್ಲೀನರ್, ಆಮೇಲೆ ಅದಕ್ಕೇ ಡ್ರೈವರ್. ಪಂಪ್‌ಸೆಟ್ ಸಾಗಿಸುತ್ತ ಸಾಗಿಸುತ್ತ ಪಂಪ್‌ಸೆಟ್ ಮಾರುವವನಾದೆ. ಮಾರುತ್ತ ಮಾರುತ್ತ ಪಂಪ್‌ಸೆಟ್ ಕಂಪನಿಯ ಏರಿಯಾ ಮ್ಯಾನೇಜರ್ ಆದೆ. ಅರಸೀಕೆರೆ, ಬೇಲೂರು, ಹಳೇಬೀಡು ಮೂರೂ ನನ್ನ ಕೈಯಲ್ಲಿ. ಹೊಯ್ಸಳರಾದ ಮೇಲೆ ಈ ಮೂರನ್ನೂ ಒಟ್ಟಿಗೆ ನೋಡಿಕೊಂಡವನು ನಾನೇ ಎಂದು ಆಗಾಗ ಅನ್ನಿಸುತ್ತಿತ್ತು. ಜಂಬಕ್ಕೆ ಹೇಳುತ್ತಿಲ್ಲ ಅಂದರೆ ಸುಳ್ಳಾದೀತು. ಜಂಬಕ್ಕೇ ಹೇಳುತ್ತಿದ್ದೇನೆ.

ಬಾಷಾ ಸಾಬರು ಡ್ರೈವಿಂಗ್ ಕಲಿಸಿದ್ದು ಸಂಗೀತ ಕಲಿಸಿದ ಹಾಗೆ. "ಗೇರು ಕೈಲಿ ಹಾಕೋದಲ್ಲ ಬೇಟಾ, ಕಿವೀಲಿ ಹಾಕೋದು" ಎನ್ನುತ್ತಿದ್ದರು. ಎಂಜಿನ್ನು ಏನು ಕೇಳುತ್ತಿದೆ ಎಂದು ಮೊದಲು ಆಲಿಸಬೇಕು, ಆಮೇಲೆ ಕೊಡಬೇಕು. ಆಗ ಅರಸೀಕೆರೆ ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಯಾವನಾದರೂ ಗೇರನ್ನು ಕಿರ್ರ್ ಅನ್ನಿಸಿದರೆ ಟೀ ಅಂಗಡಿಯವರು ಲೋಟ ಕೆಳಗಿಟ್ಟು, "ಯಾರ್ ಮಗನ್ಲಾ ಅವ್ನು?" ಎಂದು ಕೇಳುತ್ತಿದ್ದರು. ಗೇರು ತಪ್ಪಿದರೆ ವಂಶದವರೆಗೂ ಹೋಗುತ್ತಿತ್ತು. ನನ್ನ ವಂಶದ ಸುದ್ದಿಗೆ ಯಾರೂ ಬಾರದಂತೆ ನಾನು ಗಾಡಿ ಓಡಿಸಿದ್ದೆ.

ಇಂಥವನಿಗೆ ಕಂಪನಿ ಕಾರು ಕೊಡುತ್ತೇನೆಂದಿತು. ಮೊಬೈಲು ಆಗಷ್ಟೇ ಎಲ್ಲರ ಜೇಬಿಗೂ ಇಳಿಯುತ್ತಿದ್ದ ವರ್ಷಗಳು ಅವು. ಮ್ಯಾನೇಜರುಗಳೆಲ್ಲ ಬೆಂಗಳೂರಿಗೆ ಬಂದು ಕಾರು ಆರಿಸಿಕೊಳ್ಳಬೇಕೆಂದು ಆಫೀಸಿನಿಂದ ಫೋನು ಬಂತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಉಳಿದವರೆಲ್ಲ ಡಿಗ್ರಿಯವರು, ಇಂಜಿನಿಯರಿಂಗ್ ಮುಗಿಸಿದವರು. ಎಲ್ಲರೂ ಸಾಲಾಗಿ ಬಿಳಿ ಬಣ್ಣದ ಡೀಸೆಲ್ ಕಾರಿಗೆ ರುಜು ಹಾಕಿದರು. ನನ್ನ ಸರದಿ ಬಂದಾಗ ಆಫೀಸಿನ ಹೆಣ್ಣುಮಗಳು ತಲೆ ಎತ್ತದೆ, "ಫೀಲ್ಡಿನವರು ಅಲ್ವಾ ಸರ್? ಬಿಳಿ ಹಾಕಿದ್ದೀನಿ" ಅಂದಳು.

"ಬೇರೆ ಏನಿದೆ?" ಎಂದು ಕೇಳಿದೆ. ಕೇಳಬೇಕೆಂದು ಕೇಳಿದ್ದಲ್ಲ. ಅವಳು ತಲೆ ಎತ್ತಲಿ ಎಂದು ಕೇಳಿದ್ದು.

"ಕೆಂಪು ಕಲರ್ ಚಿಕ್ಕದೊಂದಿದೆ. ಆದರೆ ಅದು ಆಟೋಮ್ಯಾಟಿಕ್ ಗೇರು. ನಿಮಗೆ ಕಷ್ಟ ಆಗಬಹುದು ಸರ್."

ಅವಳು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ 'ನಿಮಗೆ ಕಷ್ಟ ಆಗಬಹುದು' ಎಂಬ ಮಾತನ್ನು ಮೆಲ್ಲಗೆ ಹೇಳಿ ನೋಡಿ. ಮೆಲ್ಲಗೆ ಹೇಳಿದಷ್ಟೂ ಜೋರಾಗಿ ಕೇಳಿಸುತ್ತದೆ. ಅಲ್ಲೇ ರುಜು ಹಾಕಿದೆ. ಆರಿಸಿದ್ದು ನಾನಲ್ಲ, ನನ್ನ ಸಿಟ್ಟು. ಜಗತ್ತಿನಲ್ಲಿ ಅರ್ಧಕ್ಕರ್ಧ ಕಾರುಗಳನ್ನು ಆರಿಸುವುದು ಅದೇ ಇರಬೇಕು.

ಷೋರೂಮಿನವನು ಕೀಲಿ ಕೊಡುವಾಗ, "ಇದು ಫನ್ ಕಾರ್ ಸರ್" ಎಂದ. ನಮ್ಮ ಕಡೆ ಕಾರು ಬಾಡಿಗೆಗೆ ಇರುತ್ತದೆ, ದಿಬ್ಬಣಕ್ಕೆ ಇರುತ್ತದೆ, ಹೆರಿಗೆಗೆ ಇರುತ್ತದೆ, ಎಲೆಕ್ಷನ್ನಿಗೆ ಇರುತ್ತದೆ. ಮೋಜಿಗೂ ಇರುತ್ತದೆ ಎಂದು ಅವತ್ತೇ ತಿಳಿದದ್ದು. ಅವನು ಇನ್ನೊಂದು ಮಾತನ್ನೂ ಹೇಳಿದ: "ಬ್ಯಾಟರಿ ಡೌನ್ ಆಗದ ಹಾಗೆ ನೋಡ್ಕೊಳ್ಳಿ ಸರ್. ಬೇರೆ ಕಾರಿನ ಥರ ಇದನ್ನ ತಳ್ಳಿ ಸ್ಟಾರ್ಟ್ ಮಾಡೋಕಾಗಲ್ಲ." ನಾನು 'ಗೊತ್ತು' ಎಂಬಂತೆ ತಲೆಯಾಡಿಸಿದೆ. ಗೊತ್ತಿರಲಿಲ್ಲ.

ಮನೆ ಮುಂದೆ ತಂದು ನಿಲ್ಲಿಸಿದಾಗ ನನ್ನ ಹೆಂಡತಿ ಜಯಮ್ಮ ಆರತಿ ತಟ್ಟೆ ಹಿಡಿದುಕೊಂಡೇ ಒಳಗೆ ಬಗ್ಗಿ ನೋಡಿದಳು.

"ರೀ, ಕಾಲಲ್ಲಿ ತುಳಿಯೋದು ಎರಡೇ ಐತಲ್ರೀ."

"ಎರಡೇ ಇರೋದು."

"ನಮ್ಮಣ್ಣನ ಕಾರಲ್ಲಿ ಮೂರೈತೆ. ಕೊಡೋದು ಮರ್ತವ್ರೆ, ಹೋಗಿ ಕೇಳಿ ಇಸ್ಕೊಂಡ್ ಬನ್ನಿ. ನೀವು ಇಂಥದ್ದಕ್ಕೆಲ್ಲಾ ನಾಚ್ಕೊಂಡೇ ಹಾಳಾದ್ರಿ."

ಆರಂಭದ ದಿನಗಳಲ್ಲಿ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಎಂದುಕೊಂಡು ಬ್ರೇಕನ್ನೇ ಮೆಟ್ಟುತ್ತಿತ್ತು. ಕಾರು ಇದ್ದಲ್ಲೇ ಕಂಬದಂತೆ ನಿಂತುಬಿಡುತ್ತಿತ್ತು. ಒಮ್ಮೆ ಹೀಗೆ ಹಳೇಬೀಡು ದೇವಸ್ಥಾನದ ಗೇಟಿನ ಮುಂದೆಯೇ ನಿಂತಿತು. ಗೈಡ್ ಒಬ್ಬ ಓಡಿ ಬಂದು ಬಾಗಿಲು ತೆಗೆದು, ಕೆಂಪು ಕಾರನ್ನು ನೋಡಿ ನನ್ನನ್ನು ದೂರದವನೆಂದು ತಿಳಿದು ಹಿಂದಿಯಲ್ಲಿ ಸ್ವಾಗತ ಹೇಳಿದ. ಬ್ರೇಕು ತಪ್ಪಿ ತುಳಿದೆನಪ್ಪಾ ಎನ್ನಲು ನಾಲಗೆ ಏಳಲಿಲ್ಲ. ಇಳಿದು ಅವನ ಹಿಂದೆ ಹೋದೆ. ಹುಟ್ಟಿದಾಗಿನಿಂದ ನೋಡಿದ ನಂದಿಯನ್ನು ಹಿಂದಿಯಲ್ಲಿ ನೋಡಿ ಬಂದೆ. ಚೆನ್ನಾಗಿಯೇ ಹೇಳಿದ. ಅರ್ಧ ಅರ್ಥವಾಗಲಿಲ್ಲ.

ನಿಜ ಹೇಳಬೇಕೆಂದರೆ ನಾನು ಕಂಡ ಮೊದಲ ಆಟೋಮ್ಯಾಟಿಕ್ ಗಾಡಿ ನಮ್ಮಪ್ಪನದು. ಸಂತೆ ಮುಗಿಸಿ ಗಾಡಿಗೆ ಎತ್ತು ಕಟ್ಟಿ, ಹಗ್ಗವನ್ನು ಗಾಡಿಯ ಗೂಟಕ್ಕೆ ಸುತ್ತಿ ಅಪ್ಪ ಒಳಗೆ ಹುಲ್ಲಿನ ಮೇಲೆ ಮಲಗಿಬಿಡುತ್ತಿದ್ದ. ಎತ್ತುಗಳು ಇಳಿಜಾರಿನಲ್ಲಿ ತಾವೇ ನಿಧಾನ ಮಾಡಿ, ಏರಿನಲ್ಲಿ ತಾವೇ ಕತ್ತು ಬಗ್ಗಿಸಿ, ಕೆರೆ ಏರಿಯ ಮೇಲೆ ಎದುರು ಗಾಡಿಗೆ ದಾರಿ ಬಿಟ್ಟು, ನಮ್ಮ ಕೊಟ್ಟಿಗೆ ಮುಂದೆ ಬಂದು ನಿಂತು ಮೂತ್ರ ಮಾಡುತ್ತಿದ್ದವು. ಆ ಸದ್ದಿಗೆ ಅಪ್ಪ ಏಳುತ್ತಿದ್ದ. ಅವನು ಯಾವತ್ತೂ ಯಾರ ಹತ್ತಿರವೂ ಅದನ್ನು ಹೇಳಿಕೊಂಡು ಮೆರೆದವನಲ್ಲ. ಮೆರೆಯುವ ಗುಣ ನನಗೆ ಎಲ್ಲಿಂದ ಬಂತೋ, ತಾಯಿಯ ಕಡೆಯಿಂದ ಇರಬೇಕು.

ಗೆಂಡೆಹಳ್ಳಿಯಲ್ಲಿ ನಮ್ಮ ಡೀಲರ್ ರಂಗೇಗೌಡರು. ತೆಂಗು, ರಾಗಿ, ಗದ್ದೆ, ಟ್ರ್ಯಾಕ್ಟರು ಎಲ್ಲ ಇದ್ದ ಕುಳ, ನನಗಿಂತ ದೊಡ್ಡವರು. ಸುತ್ತಲಿನ ಹಳ್ಳಿಗಳಲ್ಲಿ ಯಾರು ಯಾವ ಮೋಟರ್ ಇಳಿಸಬೇಕೆಂಬುದು ಅವರ ಅಂಗಡಿ ಜಗಲಿಯ ಮೇಲೆ ತೀರ್ಮಾನವಾಗುತ್ತಿತ್ತು. ಹಳೇಬೀಡಿನ ಬಸ್ತಿಹಳ್ಳಿ ಬಸದಿಯ ನುಣುಪು ಕಂಬದಂತೆ ಮುಖ ಕಾಣುವ ಹಾಗೆ ಕಾರನ್ನು ಉಜ್ಜಿ ಅವರ ಅಂಗಡಿ ಮುಂದೆ ನಿಲ್ಲಿಸಿದೆ.

"ಏನ್ಲಾ ಚಂದ್ರ, ಇದೇನ್ಲಾ, ಬ್ಯಾಡಗಿ ಮೆಣಸಿನ್ಕಾಯ್ ತಂದಿದ್ದೀಯ?"

"ಆಟೋಮ್ಯಾಟಿಕ್ ಗೌಡ್ರೆ. ಗೇರು ಅದೇ ಹಾಕ್ಕೊಳ್ತದೆ."

"ಎಲ್ಲಾ ಅದೇ ಮಾಡ್ಕಂಡ್ರೆ ನೀನ್ಯಾಕ್ಲಾ ಒಳಗೆ ಕುಂತಿದ್ದೀಯ, ಕಾವಲಿಗಾ?"

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಗೌಡರು ಇಳಿದು ಬಂದು ಕಾರಿನ ಸುತ್ತ ಎಮ್ಮೆ ನೋಡುವವರ ಹಾಗೆ ಒಂದು ಸುತ್ತು ಹಾಕಿದರು.

"ದಾರೀಲಿ ನಿಂತೋದ್ರೆ?"

"ನಿಲ್ಲಲ್ಲ ಗೌಡ್ರೆ."

"ನಿಂತ್ರೆ ಅಂದೆ. ತಳ್ಳುದ್ರೆ ಹತ್ಕಳ್ತದಾ?"

ಷೋರೂಮಿನವನ ಮಾತು ಕಿವಿಯಲ್ಲೇ ಇತ್ತು. ಆದರೆ ಜಗಲಿಯ ಮೇಲಿನ ನಗು ಅದಕ್ಕಿಂತ ಹತ್ತಿರದಲ್ಲಿತ್ತು. "ಬೇರೆ ಕಾರು ಏನೇನ್ ಮಾಡ್ತದೋ ಅದನ್ನೆಲ್ಲಾ ಇದೂ ಮಾಡ್ತದೆ. ತಳ್ಳುದ್ರೆ ಯಾಕ್ ಹತ್ಕಳ್ಳಲ್ಲ?" ಅಂದುಬಿಟ್ಟೆ.

"ಹಂಗಾರೆ ಸರಿ ಬಿಡು. ನೀನ್ ಅಂದ್ಮೇಲೆ ಮುಗೀತು" ಎಂದರು ಗೌಡರು.

ಈ 'ನೀನು ಅಂದ ಮೇಲೆ ಮುಗಿಯಿತು' ಎಂಬುದೇ ನನ್ನ ಬಂಡವಾಳ. ನಮ್ಮ ಕಡೆ ಕರೆಂಟು ಬರುವುದು ಅಪರೂಪಕ್ಕೆ. ಬಂದರೂ ಕಾಯಿಲೆಯಿಂದ ಎದ್ದವರ ಹಾಗೆ ಬರುತ್ತದೆ, ಬಲ್ಬಿನ ತಂತಿ ಮಾತ್ರ ಕೆಂಪಗೆ ಕಾಣುತ್ತದೆ. ಆ ವೋಲ್ಟೇಜಿನಲ್ಲಿ ಮೋಟರ್ ಓಡಬೇಕು, ಇಲ್ಲದಿದ್ದರೆ ವೈಂಡಿಂಗ್ ಸುಟ್ಟು ಬೆಳೆ ಹೋಗುತ್ತದೆ. ರೈತ ಕಂಪನಿಯ ಬಣ್ಣದ ಪುಸ್ತಕ ಓದುವುದಿಲ್ಲ. ನನ್ನ ಮುಖ ನೋಡಿ, "ಓಡ್ತದಾ ಚಂದ್ರಣ್ಣ?" ಅನ್ನುತ್ತಾನೆ. ನಾನು "ಓಡ್ತದೆ" ಅನ್ನುತ್ತೇನೆ. ಅಷ್ಟರ ಮೇಲೆ ಅವನು ಮೋಟರನ್ನು ಬೋರಿನೊಳಗೆ ಇಳಿಸುತ್ತಾನೆ.

ಆ ಸಮಯಕ್ಕೆ ಕಂಪನಿ ಹೊಸ ಮಾಡೆಲ್ ಒಂದನ್ನು ಬಿಟ್ಟಿತ್ತು. ನೋಡಲು ಮದುಮಗನ ಹಾಗಿತ್ತು. ವೋಲ್ಟೇಜ್ ಇಳಿದರೆ ಮಾತ್ರ ಮುನಿಸಿಕೊಳ್ಳುತ್ತಿತ್ತು. ಇದು ಕಂಪನಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೀಟಿಂಗುಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ನಮ್ಮ ಏರಿಯಾದಲ್ಲಿ ಇಳಿಸಲು ಬೆಂಗಳೂರಿನ ಸಾಹೇಬರೇ ಗೆಂಡೆಹಳ್ಳಿಗೆ ಬರುವುದೆಂದು ಗೊತ್ತಾಯಿತು. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: "ಚಂದ್ರಶೇಖರ್, ವೋಲ್ಟೇಜ್ ಬಗ್ಗೆ ಕೇಳೇ ಕೇಳ್ತಾರೆ. ನೀವು ಓಡುತ್ತೆ ಅಂದ್ಬಿಡಿ. ನಿಮ್ಮ ಮಾತು ನಂಬ್ತಾರೆ." ನಂಬುತ್ತಾರೆ ಎಂಬುದೇ ನನಗೆ ಸಂಕಟ. ಓಡುತ್ತೆ ಅಂದರೆ ಊರಿನ ನಂಬಿಕೆ ಹೋಗುತ್ತದೆ, ಅನ್ನದಿದ್ದರೆ ಕೆಲಸ ಹೋಗುತ್ತದೆ.

ಸಭೆ ರಂಗೇಗೌಡರ ಅಂಗಡಿ ಪಕ್ಕದ ಬಯಲಿನಲ್ಲಿ. ಶಾಮಿಯಾನ ಬಂತು, ಕುರ್ಚಿ ಬಂತು, ಮೈಕಿನವನು ಬರಲಿಲ್ಲ. ಜನ ಆಕಳಿಸತೊಡಗಿದರು. ನಾನು ಕಾರಿನ ನಾಲ್ಕೂ ಬಾಗಿಲು ತೆಗೆದು ಟೇಪ್ ರೆಕಾರ್ಡರಿನಲ್ಲಿ ಭಕ್ತಿಗೀತೆ ಹಾಕಿದೆ. ಭಕ್ತಿ ಮುಗಿದ ಮೇಲೆ ಜಾನಪದ, ಜಾನಪದ ಮುಗಿದ ಮೇಲೆ ಮತ್ತೆ ಭಕ್ತಿ. "ಸೌಂಡ್ ಚೆನ್ನಾಗೈತೆ ಚಂದ್ರಣ್ಣ, ಇನ್ನೊಂಚೂರ್ ಜೋರು" ಎಂದು ಯಾರೋ ಅಂದರು. ಜೋರು ಮಾಡಿದೆ. ದೇವರು ಹಾಡುತ್ತ ಹಾಡುತ್ತ ಗೊಗ್ಗರು ದನಿಗೆ ಇಳಿದು ಕೊನೆಗೆ ನಿಂತೇ ಹೋದ. ಅಷ್ಟರಲ್ಲಿ ಸಾಹೇಬರ ಫೋನು: ಬೇಲೂರು ದಾಟಿದ್ದಾರೆ, ದಾರಿ ಗೊತ್ತಾಗುತ್ತಿಲ್ಲ, ರಸ್ತೆ ಕೂಡುವಲ್ಲಿ ಬಂದು ಕರೆದುಕೊಂಡು ಹೋಗಬೇಕು. ಕೀಲಿ ತಿರುಗಿಸಿದೆ. ಟಕ್ ಎಂದಿತು. ಮತ್ತೆ ತಿರುಗಿಸಿದೆ. ಆ ಟಕ್ಕೂ ಇಲ್ಲ.

ನಮ್ಮ ಕಡೆ ಒಂದು ಪದ್ಧತಿ ಇದೆ. ಗಾಡಿ ನಿಂತಿತು ಎಂದರೆ ಯಾರೂ ಯಾರನ್ನೂ ಕರೆಯಬೇಕಿಲ್ಲ. ಜಗಳವಾಡಿ ಮಾತು ಬಿಟ್ಟವನೂ ಬಂದು ಪಕ್ಕದಲ್ಲಿ ಭುಜ ಕೊಡುತ್ತಾನೆ. ನಾನು ಬಾಯಿ ತೆರೆಯುವುದರೊಳಗೆ ಸಭೆಗೆಂದು ಒಗೆದ ಅಂಗಿ ಹಾಕಿಕೊಂಡು ಬಂದಿದ್ದವರೆಲ್ಲ ಕಾರಿನ ಹಿಂದೆ ನಿಂತಿದ್ದರು.

"ನೀನ್ ಕುಂತ್ಕ ಚಂದ್ರಣ್ಣ! ಎಲ್ಡ್ನೇ ಗೇರ್ಗ್ ಹಾಕು, ನಾವ್ ಹೇಳ್ದಾಗ ಬಿಡು!"

ಎರಡನೇ ಗೇರು! ಬಿಡುವುದಕ್ಕೆ ಕ್ಲಚ್ಚೆಲ್ಲಿದೆ? ಆಗಲೇ ಹೇಳಬಹುದಿತ್ತು. ಆದರೆ ಗೌಡರು ಟವೆಲ್ ಹೆಗಲಿಗೆ ಹಾಕಿಕೊಂಡು ಕಿಟಕಿಯ ಪಕ್ಕದಲ್ಲೇ ಬಂದು ನಿಂತಿದ್ದರು. ಕೂತೆ. ನ್ಯೂಟ್ರಲ್ಲಿಗೆ ಹಾಕಿದೆ. "ಹೈಲೆಸಾ" ಎಂದರು, ಕಾರು ಹೊರಟಿತು.

"ಬಿಡ್ಲಾ!" ಎಂದು ಹಿಂದಿನಿಂದ ಕೂಗಿದರು. ಗೇರಿನ ಕಡ್ಡಿಯನ್ನು ಮುಂದಕ್ಕೂ ಹಿಂದಕ್ಕೂ ಒಂದಿಷ್ಟು ಆಡಿಸಿದೆ. ಕಾರು ದೋಣಿಯ ಹಾಗೆ ತೇಲುತ್ತಲೇ ಇತ್ತು. ಬೇರೆ ಕಾರಾದರೆ ಜಗ್ಗುತ್ತದೆ, ಕೆಮ್ಮುತ್ತದೆ, ಹೊಗೆಯಾದರೂ ಬಿಡುತ್ತದೆ. ಇದು ಒಂದು ತೇಗೂ ತೇಗಲಿಲ್ಲ.

"ಹತ್ಕಳ್ತಾ?" ಎಂದರು ಕಿಟಕಿಯ ಪಕ್ಕ ನಡೆದು ಬರುತ್ತಿದ್ದ ಗೌಡರು.

"ಇನ್ನೇನ್ ಗೌಡ್ರೆ, ಹತ್ಕಳ್ತದೆ."

"ಇನ್ನೊಂಚೂರ್ ತಳ್ಸಾನಾ?"

"ತಳ್ಸಿ."

ಬಯಲು ಮುಗಿದು ರಸ್ತೆ ಬಂತು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು, "ನೋಡೇ, ಚಂದ್ರಣ್ಣ ಮದ್ವೆಗಂಡ್ ಕುಂತಂಗೆ ಕುಂತವ್ನೆ" ಎಂದು ನಕ್ಕರು. ನಿಜಕ್ಕೂ ಹಾಗೆಯೇ ಕಾಣುತ್ತಿದ್ದೆನೇನೋ. ಎಂಜಿನ್ನು ನಿಂತ ಕಾರಿನ ಸ್ಟೀರಿಂಗು ಕಲ್ಲಿನಂತಾಗುತ್ತದೆ, ಅದನ್ನು ತಿರುಗಿಸಲು ಬೆನ್ನು ನೆಟ್ಟಗೆ ಮಾಡಿ ಹಲ್ಲು ಕಚ್ಚಿಕೊಂಡಿದ್ದೆ. ಇಳಿಜಾರು ಬಂತು. ಇಲ್ಲಿ ಹತ್ತಿಕೊಳ್ಳುತ್ತದೆ ಎಂದು ಎಲ್ಲರೂ ಹುರುಪಿನಿಂದ ಓಡಿದರು. ಇಳಿಜಾರು ಮುಗಿಯಿತು. ಏರು ಬಂತು. ಗಾಡಿಯನ್ನು ಸ್ಟಾರ್ಟ್ ಮಾಡಲು ಏರಿನಲ್ಲಿ ತಳ್ಳಿದ್ದನ್ನು ನಾನು ಟೆಂಪೋ ಕಾಲದಲ್ಲೂ ಕಂಡಿರಲಿಲ್ಲ. ತಳ್ಳಿದರು. ಯಾರೊಬ್ಬರೂ ಗೊಣಗಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಎಲ್ಲರ ಮುಖದಲ್ಲೂ ಅದೆಂಥದೋ ಗೆಲುವು. ನನಗಾಗಿ ಇಷ್ಟು ಜನ ಬೆವರುತ್ತಿದ್ದಾರಲ್ಲ ಎಂದು ಕಣ್ಣು ತುಂಬಿ ಬಂತು. ಬಾಯಿ ಮಾತ್ರ ಬರಲಿಲ್ಲ.

"ಹತ್ಕಳ್ತಾ?"

"ಇನ್ನೇನ್ ಗೌಡ್ರೆ."

ಏರಿನ ನೆತ್ತಿಯಲ್ಲಿ ಸಾಹೇಬರ ಉದ್ದದ ಕಾರು ಎದುರಾಯಿತು. ಅವರು ಟೈ ಸರಿಮಾಡಿಕೊಳ್ಳುತ್ತ ಇಳಿದು, ಬೆವರು ಒರೆಸಿಕೊಳ್ಳುತ್ತಿದ್ದ ಜನವನ್ನೂ, ಒಳಗೆ ಬೆನ್ನು ನೆಟ್ಟಗೆ ಮಾಡಿ ಕೂತ ನನ್ನನ್ನೂ ನೋಡಿದರು.

"ಏನ್ ಚಂದ್ರಶೇಖರ್, ಆಟೋಮ್ಯಾಟಿಕ್ ಕಾರು ತಳ್ಳಿದ್ರೆ ಸ್ಟಾರ್ಟ್ ಆಗಲ್ಲ ಅಲ್ವಾ?"

ನಾನು ಸ್ಟೀರಿಂಗನ್ನೇ ನೋಡುತ್ತಿದ್ದೆ. ಮಾತಾಡಿದ್ದು ಗೌಡರು.

"ಗೊತ್ತು ಸಾರ್. ಬಯಲಲ್ಲಿ ಮೊದಲ್ನೇ ಸಲ ತಳ್ಳುದ್ವಲ್ಲ, ಆವಾಗ್ಲೇ ಗೊತ್ತಾಯ್ತು. ಜಗ್ಗದೇ ಇರೋ ಗಾಡಿ ಎಲ್ ಹತ್ಕಳ್ತದೆ? ಇವನ್ ಬಾಯಿಂದ 'ಆಗಲ್ಲ' ಅನ್ನೋದ್ ಒಂದ್ ಮಾತು ಬರ್ಲಿ ಅಂತ ತಳ್ತಿದ್ವಿ. ಇವನು ಬೇಲೂರಿಗಾದ್ರೂ ಹೋಗ್ತಿದ್ದ, ಅನ್ತಿರ್ಲಿಲ್ಲ."

ಅಷ್ಟು ಹೊತ್ತು ತಡೆದುಕೊಂಡಿದ್ದ ನಗು ಒಂದೇ ಸಲ ಒಡೆಯಿತು. ಕೆಲವರು ರಸ್ತೆಯ ಮೇಲೇ ಕುಕ್ಕುರುಗಾಲಲ್ಲಿ ಕೂತು ನಕ್ಕರು. ಕನ್ನಡಿಯಲ್ಲಿ ಕಂಡ ಗೆಲುವು ಏತರದ್ದೆಂದು ಆಗ ತಿಳಿಯಿತು. ಗೌಡರು ನನ್ನ ಕಡೆಯ ಬಾಗಿಲು ತೆಗೆದು, "ಇಳೀಲಾ ಕೆಳಗೆ. ನಾನ್ ಕುಂತ್ಕತೀನಿ. ವಾಪಸ್ ತಳ್ಳೋದ್ ನಿನ್ ಪಾಳಿ" ಅಂದರು.

ತಳ್ಳಿದೆ. ಒಬ್ಬನ ಕೈಲಿ ಆಗುವ ಕೆಲಸವಲ್ಲವಾದ್ದರಿಂದ ಮತ್ತೆ ಅವರೇ ಬಂದು ಭುಜ ಕೊಟ್ಟರು, ನಗುತ್ತಲೇ. ಸಾಹೇಬರೂ ಡಿಕ್ಕಿಯ ಮೇಲೆ ಎರಡು ಬೆರಳಿಟ್ಟು ಒಂದಷ್ಟು ದೂರ ನಡೆದರು. ತಮ್ಮ ಡ್ರೈವರಿಗೆ ಅದರ ಫೋಟೋ ಹೊಡೆಯಲು ಹೇಳಿದರು. ಕಂಪನಿಯ ಪತ್ರಿಕೆಯಲ್ಲಿ ಆ ಫೋಟೋ ಬಂತು, ಕೆಳಗೆ 'ರೈತರೊಂದಿಗೆ ಹೆಗಲಿಗೆ ಹೆಗಲು' ಎಂಬರ್ಥದ ಇಂಗ್ಲಿಷು. ಬೆರಳಿನ ವಿಷಯ ಅದರಲ್ಲಿ ಇರಲಿಲ್ಲ. ಗೌಡರು ಒಳಗೆ ಕೂತು, ಕಿಟಕಿಯಿಂದ ತಲೆ ಹೊರಹಾಕಿ, ನಲ್ಲಿಯ ಹತ್ತಿರದ ಹೆಂಗಸರಿಗೆಲ್ಲ ನಮಸ್ಕಾರ ಮಾಡಿಕೊಂಡು ಬಂದರು. ಕಾರನ್ನು ಬಯಲಿಗೆ ಸೇರಿಸಿ, ಗೌಡರ ಟ್ರ್ಯಾಕ್ಟರಿನ ಬ್ಯಾಟರಿಗೆ ವಯರು ಕೊಟ್ಟ ಮೇಲೆ ಅದು ಏನೂ ನಡೆದೇ ಇಲ್ಲವೆಂಬಂತೆ ಸ್ಟಾರ್ಟ್ ಆಯಿತು. ಯಂತ್ರಗಳಿಗೆ ನಾಚಿಕೆಯಿಲ್ಲ.

ಸಭೆ ಶುರುವಾದಾಗ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಸಾಹೇಬರು ಹೊಸ ಮಾಡೆಲ್ಲಿನ ಮೇಲಿಂದ ರೇಷ್ಮೆ ಬಟ್ಟೆ ಸರಿಸಿದರು. ಚಪ್ಪಾಳೆ ಬಿತ್ತು. ಅದರ ಬಣ್ಣ, ಅದರ ತೂಕ, ಅದರ ಸೊಗಸು ಎಲ್ಲವನ್ನೂ ವರ್ಣಿಸಿದರು. ಅವರ ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಎದ್ದ. ಅವನು ಸಾಹೇಬರನ್ನು ನೋಡಲಿಲ್ಲ, ಮೋಟರನ್ನೂ ನೋಡಲಿಲ್ಲ.

"ವೋಲ್ಟೇಜ್ ಕಮ್ಮಿ ಇದ್ದಾಗ ಓಡ್ತದಾ ಚಂದ್ರಣ್ಣ?"

ಸಾಹೇಬರು ನನ್ನ ಕಡೆ ತಿರುಗಿ ಹೇಳಿ ಎಂಬಂತೆ ನಗುತ್ತ ತಲೆಯಾಡಿಸಿದರು. ಮುಂದಿನ ಸಾಲಿನಲ್ಲಿ ಗೌಡರು ಟವೆಲಿನಿಂದ ಕತ್ತು ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. ಅವರೊಬ್ಬರೇ ಅಲ್ಲ, ನನ್ನನ್ನು ಏರಿನವರೆಗೆ ತಳ್ಳಿದ ಅಷ್ಟೂ ಜನ ನನ್ನ ಬಾಯನ್ನೇ ನೋಡುತ್ತಿದ್ದರು.

"ಓಡಲ್ಲ" ಅಂದೆ.

ನನ್ನ ದನಿ ನನಗೇ ಬೇರೆಯವರ ದನಿಯಂತೆ ಕೇಳಿಸಿತು. ಸಾಹೇಬರು ಕೆಮ್ಮಿದರು, ಬೆಳಗಿನಿಂದ ಆ ಕಾರಿನ ಬಾಯಿಂದ ಬಾರದ ಕೆಮ್ಮು. "ಅಂದ್ರೆ ಏನು ಹೇಳ್ತಿದ್ದಾರೆ ಅಂದ್ರೆ..." ಎಂದು ಎದ್ದು ನಿಂತರು. ಗೌಡರು ಅವರನ್ನು ಕೈ ಸನ್ನೆಯಿಂದ ಕೂರಿಸಿದರು, ಬಹಳ ಮರ್ಯಾದೆಯಿಂದ.

"ಕುಂತ್ಕಳಿ ಸಾರ್, ಅವ್ನು ಸರಿಯಾಗೇ ಹೇಳವ್ನೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಸರಿ ಕಣ್ಲಾ. ಓಡೋದ್ ಯಾವ್ದೈತೆ, ಅದರ ಇಚಾರ ಹೇಳು."

ಶಾಮಿಯಾನದ ತುಂಬ ಕುರ್ಚಿಗಳನ್ನು ಮುಂದಕ್ಕೆ ಎಳೆದುಕೊಳ್ಳುವ ಸದ್ದಾಯಿತು.